ಗುದ್ದಿದ್ದು ಅವರು, ಎನ್‌ಸಿಬಿ ಹೋಗೋದು ನಮ್ಮದು: ಕ್ಲೇಮ್ ಮಾಡೋದಾ, ಕೈಯಿಂದ ಕಟ್ಟೋದಾ?

ಸಿಗ್ನಲ್‌ನಲ್ಲಿ ಸುಮ್ನೆ ನಿಂತಿದ್ದ ಕಾರಿಗೆ ಹಿಂದಿನಿಂದ ಯಾರೋ ಬಂದು ಗುದ್ದುತ್ತಾರೆ. ತಪ್ಪು ಪೂರ್ತಿ ಅವರದು. ಹಾಗಾದರೆ ಇನ್ಶೂರೆನ್ಸ್ ರಿನ್ಯೂವಲ್ ಹೊತ್ತಿಗೆ ನಮ್ಮ ನೋ ಕ್ಲೇಮ್ ಬೋನಸ್ (ಎನ್‌ಸಿಬಿ), ಅಂದರೆ ಕ್ಲೇಮ್ ಮಾಡದೇ ಇದ್ದದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ಡಿಸ್ಕೌಂಟ್, ಉಳಿಯಬೇಕು ಅಲ್ವಾ? ಉಳಿಯುವುದಿಲ್ಲ. ನಮ್ಮ ದೇಶದಲ್ಲಿ ಎನ್‌ಸಿಬಿ ಕೊಡುವಾಗ ತಪ್ಪು ಯಾರದು ಅಂತ ಕಂಪನಿ ಕೇಳುವುದೇ ಇಲ್ಲ. ಹೋದ ವರ್ಷ ಓನ್ ಡ್ಯಾಮೇಜ್ ಕ್ಲೇಮ್ (ನಮ್ಮ ಗಾಡಿಯ ಹಾನಿಗೆ ನಮ್ಮದೇ ಪಾಲಿಸಿಯಿಂದ ದುಡ್ಡು) ತಗೊಂಡ್ರಾ, ಇಲ್ವಾ? ಅಷ್ಟೇ ಪ್ರಶ್ನೆ. ತಗೊಂಡಿದ್ದರೆ ಮುಂದಿನ ವರ್ಷ ಸೊನ್ನೆಯಿಂದ ಶುರು.

ನಮ್ಮ ಮನೆಯಲ್ಲಿ ಎರಡು ಕಾರುಗಳಿವೆ. ಇಷ್ಟು ವರ್ಷಗಳಲ್ಲಿ ಬೇರೆಯವರಿಂದ ಗುದ್ದಿಸಿಕೊಂಡು ಇರುವ ದಾರಿಗಳನ್ನೆಲ್ಲ ನೋಡಿದ್ದಾಗಿದೆ. ಸ್ವಂತ ಪಾಲಿಸಿಯಲ್ಲಿ ಕ್ಲೇಮ್, ಗುದ್ದಿದವರ ಹತ್ತಿರ ಸ್ಥಳದಲ್ಲೇ ದುಡ್ಡು, ಟ್ರಿಬ್ಯೂನಲ್, ಆಮೇಲೆ ಎನ್‌ಸಿಬಿ ಪ್ರೊಟೆಕ್ಟ್. ಯಾವುದೂ ಎಲ್ಲರಿಗೂ ಸರಿಹೋಗುವಂಥದ್ದಲ್ಲ.

ಆರಾಮದ ವಿಷಯಕ್ಕೆ ಬಂದರೆ ಸ್ವಂತ ಕ್ಲೇಮ್‌ಗೆ ಸಾಟಿಯಿಲ್ಲ. ಒಂದು ಫೋನು, ನಾಲ್ಕು ಫೋಟೊ, ಕ್ಯಾಶ್‌ಲೆಸ್ ಗ್ಯಾರೇಜು. ಗುದ್ದಿದವರ ಹಿಂದೆ ಅಲೆಯಬೇಕಾಗಿಲ್ಲ. ಆದರೆ ಇದರ ನಿಜವಾದ ಬಿಲ್ಲು ಬರುವುದು ಮುಂದಿನ ವರ್ಷಗಳಲ್ಲಿ, ಅದೂ ಕಂತು ಕಂತಾಗಿ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ ಎನ್‌ಸಿಬಿ ಶೇ. 20. ಆಮೇಲೆ ವರ್ಷ ವರ್ಷಕ್ಕೆ 25, 35, 45, ಕೊನೆಗೆ 50. ಇದು ಓನ್ ಡ್ಯಾಮೇಜ್ ಪ್ರೀಮಿಯಂಗೆ ಮಾತ್ರ ಸಿಗುವ ರಿಯಾಯಿತಿ. ಥರ್ಡ್ ಪಾರ್ಟಿ (ನಮ್ಮಿಂದ ಬೇರೆಯವರಿಗಾದ ಹಾನಿಗೆ ಕೊಡುವ ಇನ್ಶೂರೆನ್ಸ್) ದರ ಸರ್ಕಾರ ನಿಗದಿ ಮಾಡುವಂಥದ್ದು, ಅದಕ್ಕೂ ಎನ್‌ಸಿಬಿಗೂ ಸಂಬಂಧವಿಲ್ಲ. ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ ಡಿಸ್ಕೌಂಟ್‌ಗೆ ಮುಂಚೆ 12,000 ರೂ. ಅಂದುಕೊಳ್ಳಿ. ಶೇ. 50 ಇದ್ದಾಗ ಕಟ್ಟುವುದು 6,000. ಕ್ಲೇಮ್ ಆದ ಮೇಲೆ ಮೊದಲ ವರ್ಷ 12,000, ಆಮೇಲೆ 9,600, 9,000, 7,800, 6,600. ಮತ್ತೆ 6,000ಕ್ಕೆ ಬರುವಷ್ಟರಲ್ಲಿ 15,000 ಜಾಸ್ತಿ ಕಟ್ಟಿರುತ್ತೀರಿ. ಶೇ. 18 ಜಿಎಸ್‌ಟಿ ಸೇರಿಸಿದರೆ 17,700. ಕಾರು ಹಳೆಯದಾದಂತೆ ಐಡಿವಿ (ಪಾಲಿಸಿಯಲ್ಲಿ ಕಾರಿಗೆ ಕಟ್ಟಿರುವ ಬೆಲೆ) ಇಳಿಯುತ್ತದೆ, ಹಾಗಾಗಿ ನಿಜದಲ್ಲಿ ಸ್ವಲ್ಪ ಕಡಿಮೆ ಆಗಬಹುದು. ಆದರೂ ಹೆಚ್ಚುಕಮ್ಮಿ ಇಷ್ಟೇ.

ಈಗ ಕ್ಲೇಮ್‌ನಿಂದ ಕೈಗೆ ಬರುವುದೆಷ್ಟು ನೋಡಿ. ಗ್ಯಾರೇಜಿನವನು 14,000 ರೂ. ಎಸ್ಟಿಮೇಟ್ ಕೊಟ್ಟಿದ್ದಾನೆ ಅನ್ನಿ. ಹಿಂದಿನ ಬಂಪರ್ 6,000, ಟೇಲ್ ಲ್ಯಾಂಪ್ 4,000, ಉಳಿದದ್ದು ಟಿಂಕರಿಂಗ್ ಮತ್ತು ಪೇಂಟ್. ಜೀರೋ ಡೆಪ್ (ಸವಕಳಿ ಅಂತ ಕಳೆಯದೆ ಭಾಗಗಳ ದುಡ್ಡು ಕೊಡುವ ಹೆಚ್ಚುವರಿ ಕವರ್) ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಮಾತ್ರ. ಅಲ್ಲಿಗೆ 5,000 ಹೋಯಿತು. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಕಳೆಯುವ ಮೊತ್ತ 1,000. ಪೇಂಟಿನ ಸಾಮಗ್ರಿಗೂ ಕತ್ತರಿ ಬೀಳುತ್ತದೆ. ಕಂಪನಿಯಿಂದ 8,000 ಬಂದರೆ ಪುಣ್ಯ. 8,000ಕ್ಕಾಗಿ 17,700 ಕಳೆದುಕೊಳ್ಳುವುದು ಯಾವ ಲೆಕ್ಕ?

ಎಲ್ಲರಿಗೂ ಇದೇ ಲೆಕ್ಕ ಅಂತಲೂ ಅಲ್ಲ. ಈಗಿನ್ನೂ ಶೇ. 20ರಲ್ಲಿ ಇರುವವರಿಗೆ ಅದೇ ಪ್ರೀಮಿಯಂನಲ್ಲಿ ಒಟ್ಟು ನಷ್ಟ ಜಿಎಸ್‌ಟಿ ಸೇರಿ 11,300ರ ಆಸುಪಾಸು. ಕಾರು ಹೊಸದು, ಜೀರೋ ಡೆಪ್ ಇದೆ, ಬಿಲ್ಲು 40,000 ದಾಟುತ್ತಿದೆ ಅಂದರೆ ಯೋಚನೆಯೇ ಬೇಡ, ಕ್ಲೇಮ್ ಮಾಡಿ. ಡಿಸ್ಕೌಂಟ್ ಉಳಿಸಿಕೊಳ್ಳುವ ಹಟಕ್ಕೆ ಬಿದ್ದು ದೊಡ್ಡ ಬಿಲ್ಲನ್ನು ಕೈಯಿಂದ ಕಟ್ಟಿದವರನ್ನೂ ನೋಡಿದ್ದೇನೆ.

ಗುದ್ದಿದವರ ಹತ್ತಿರ ಅಲ್ಲೇ ದುಡ್ಡು ತಗೊಳ್ಳುವುದು ಚಿಕ್ಕ ಹಾನಿಗೆ ನನ್ನ ಮೊದಲ ಆಯ್ಕೆ. ಎನ್‌ಸಿಬಿಗೆ ಏನೂ ಆಗುವುದಿಲ್ಲ. ಆದರೆ ಇದರಲ್ಲಿ ಎರಡು ತೊಡಕುಗಳಿವೆ. ಒಂದು, ಒಳಗಿನ ಹಾನಿ ಹೊರಗೆ ಕಾಣುವುದಿಲ್ಲ. ನನ್ನ ಕಾರಿನ ಬಂಪರ್ ಮೇಲೆ ಬರೀ ಒಂದು ಗೆರೆ ಇತ್ತು. ಗ್ಯಾರೇಜಿನಲ್ಲಿ ಬಿಚ್ಚಿದ ಮೇಲೆ ನೋಡಿದರೆ ಬಂಪರ್ ಹಿಡಿದಿಡುವ ಬ್ರಾಕೆಟ್ ಮುರಿದಿತ್ತು, ಪಾರ್ಕಿಂಗ್ ಸೆನ್ಸರ್ ವೈರ್ ಕಿತ್ತು ಜೋತಾಡುತ್ತಿತ್ತು. ಇನ್ನೊಂದು, "ಸಂಜೆ ಫೋನ್‌ಪೇ ಮಾಡ್ತೀನಿ ಸಾರ್" ಅಂದವರು ಸಂಜೆ ಫೋನೇ ಎತ್ತುವುದಿಲ್ಲ. ಅದಕ್ಕೇ ಈಗ ಅಲ್ಲಿಂದಲೇ ಗ್ಯಾರೇಜಿನವನಿಗೆ ವಿಡಿಯೋ ಕಾಲ್ ಮಾಡಿ ಅಂದಾಜು ಕೇಳುತ್ತೇನೆ. ಎರಡೂ ಗಾಡಿಗಳ ನಂಬರ್ ಕಾಣುವ ಹಾಗೆ ಫೋಟೊ ತೆಗೆಯುತ್ತೇನೆ. ದುಡ್ಡು ಬಂದ ಮೇಲೇ ಹೊರಡುವುದು. ಆಮೇಲೆ ಅದೇ ಹಾನಿಗೆ ಕಂಪನಿಯಿಂದಲೂ ಕ್ಲೇಮ್ ತಗೊಳ್ಳುವ ಹಾಗಿಲ್ಲ, ಅದು ನೆನಪಿರಲಿ. ಯಾರಿಗಾದರೂ ಗಾಯವಾಗಿದ್ದರೆ ಈ ಮಾತುಕತೆಯೇ ಬೇಡ, ಪೊಲೀಸರಿಗೆ ತಿಳಿಸಲೇಬೇಕು.

ಮೂರನೆಯದು ಗುದ್ದಿದವರ ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಿಂದ ವಸೂಲಿ. ನ್ಯಾಯವಾಗಿ ನೋಡಿದರೆ ಸರಿಯಾದ ದಾರಿ ಇದೇ, ನಮ್ಮ ಎನ್‌ಸಿಬಿಯನ್ನೂ ಇದು ಮುಟ್ಟುವುದಿಲ್ಲ. ಆದರೆ ಅವರ ಕಂಪನಿಗೆ ಫೋನ್ ಮಾಡಿದ ತಕ್ಷಣ ಚೆಕ್ ಬರುವುದಿಲ್ಲ. ಮೋಟಾರು ಅಪಘಾತ ಕ್ಲೇಮ್ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬೇಕು. 2019ರ ತಿದ್ದುಪಡಿ ಪ್ರಕಾರ ಅಪಘಾತವಾಗಿ 6 ತಿಂಗಳೊಳಗೆ. ಬೆಂಗಳೂರಿನಲ್ಲಿ ಈ ಕೇಸುಗಳು ನಡೆಯುವುದು ಸ್ಮಾಲ್ ಕಾಸಸ್ ಕೋರ್ಟಿನಲ್ಲಿ. ಅಪಘಾತ ಬೇರೆ ಊರಲ್ಲಿ ಆಗಿದ್ದರೂ ನೀವು ಇರುವ ಊರಿನ ಟ್ರಿಬ್ಯೂನಲ್‌ನಲ್ಲೇ ಹಾಕಬಹುದು.

ಇದನ್ನು ಹಾಕಿದ್ದು ನಮ್ಮ ಭಾವ, ಫೈಲ್ ಹಿಡಿದುಕೊಂಡು ಜೊತೆಗೆ ಓಡಾಡಿದ್ದು ನಾನು. ಅವರದು ಹಳೆಯ ಕಾರು, ಬರೀ ಥರ್ಡ್ ಪಾರ್ಟಿ ಪಾಲಿಸಿ ಇತ್ತು. ಲಾರಿ ಗುದ್ದಿದಾಗ ಸ್ವಂತ ಕ್ಲೇಮ್‌ಗೆ ದಾರಿಯೇ ಇರಲಿಲ್ಲ. ಲಾರಿಯ ಇನ್ಶೂರೆನ್ಸ್ ಯಾವ ಕಂಪನಿಯದು ಅಂತ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿದೆವು. ಎಫ್‌ಐಆರ್ ಬರೆಸಿಕೊಳ್ಳುವುದೇ ದೊಡ್ಡ ಕೆಲಸವಾಯಿತು. "ಯಾರಿಗೂ ಏನೂ ಆಗಿಲ್ವಲ್ಲ, ಕೇಸ್ ಯಾಕೆ" ಅನ್ನುವ ಮಾತು ಠಾಣೆಯಲ್ಲಿ ಕೇಳಲೇಬೇಕು. ಆಮೇಲೆ ವಕೀಲರು, ಸರ್ವೇಯರ್ ವರದಿ, ರಿಪೇರಿ ಬಿಲ್ಲುಗಳು, ವಾಯಿದೆ ಮೇಲೆ ವಾಯಿದೆ. ವರ್ಷಗಳೇ ಹಿಡಿದವು. ಕೊನೆಗೆ ಬಡ್ಡಿ ಸೇರಿ ದುಡ್ಡು ಬಂತು, ಆದರೆ ಕೇಳಿದಷ್ಟು ಬರಲಿಲ್ಲ. ಬಂಪರ್, ಲೈಟಿಗೆಲ್ಲ ಈ ದಾರಿ ಹಿಡಿದರೆ ವಕೀಲರ ಫೀಸಿಗೇ ಸಾಕಾಗುತ್ತದೆ. ದೊಡ್ಡ ಹಾನಿ, ಓನ್ ಡ್ಯಾಮೇಜ್ ಪಾಲಿಸಿ ಇಲ್ಲ, ಅಥವಾ ಗಾಯವಾಗಿದೆ ಅಂದರೆ ಮಾತ್ರ ಇದು.

ಇನ್ನು ಎನ್‌ಸಿಬಿ ಪ್ರೊಟೆಕ್ಟ್. ಸ್ವಲ್ಪ ಜಾಸ್ತಿ ಪ್ರೀಮಿಯಂ ಕಟ್ಟಿದರೆ ವರ್ಷದಲ್ಲಿ ಒಂದೋ ಎರಡೋ ಕ್ಲೇಮ್ ಆದರೂ ಡಿಸ್ಕೌಂಟ್ ಉಳಿಯುತ್ತದೆ. ಎಷ್ಟು ಕ್ಲೇಮ್ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಗುದ್ದಿಸಿಕೊಂಡ ಮೇಲೆ ತಗೊಳ್ಳಲು ಬರುವುದಿಲ್ಲ, ಮೊದಲೇ ಇರಬೇಕು. ಬಸ್ಸೊಂದು ಎಡಗಡೆಯ ಎರಡೂ ಡೋರ್ ಸವರಿಕೊಂಡು ಹೋದ ವರ್ಷ ನನಗಿದು ಕೆಲಸಕ್ಕೆ ಬಂತು. ರಿನ್ಯೂವಲ್ ನೋಟಿಸ್‌ನಲ್ಲಿ ಶೇ. 50 ಹಾಗೇ ಇತ್ತು. ಆದರೆ ಅದರ ಮೇಲಿನ ಸಾಲು ನೋಡಿದರೆ ಡಿಸ್ಕೌಂಟ್‌ಗೆ ಮುಂಚಿನ ಪ್ರೀಮಿಯಂ ಏರಿತ್ತು. ಓನ್ ಡ್ಯಾಮೇಜ್ ದರ ಕಂಪನಿಯ ಕೈಯಲ್ಲೇ ಇರುವುದರಿಂದ ಅದನ್ನು ಕೇಳುವ ಹಾಗಿಲ್ಲ. ಬೇರೆ ಕಂಪನಿಗೆ ಹೋಗೋಣ ಅಂದರೆ ಅಲ್ಲಿ ಕ್ಲೇಮ್ ಆಗಿದೆ ಅಂದ ಕೂಡಲೇ ಎನ್‌ಸಿಬಿ ಸೊನ್ನೆ ಅಂದರು. ಪ್ರೊಟೆಕ್ಟ್ ಸಾಮಾನ್ಯವಾಗಿ ಕೊಟ್ಟ ಕಂಪನಿಯಲ್ಲೇ ನಡೆಯುವುದು. ಆದರೂ ಒಟ್ಟು ಲೆಕ್ಕದಲ್ಲಿ ನನಗೆ ಲಾಭವೇ ಆಯಿತು.

ಕಂಪನಿ ಬದಲಾಯಿಸುವಾಗ ಕೆಲವು ಏಜೆಂಟರು "ಕ್ಲೇಮ್ ಇಲ್ಲ ಅಂತ ಹಾಕಿಬಿಡೋಣ ಬಿಡಿ" ಅನ್ನುತ್ತಾರೆ. ಒಪ್ಪಬೇಡಿ. ಹೊಸ ಕಂಪನಿ ಹಳೆಯ ಕಂಪನಿಯಿಂದ ಖಚಿತ ಮಾಡಿಕೊಳ್ಳುತ್ತದೆ. ಮುಂದೆ ದೊಡ್ಡ ಕ್ಲೇಮ್ ಬಂದಾಗ ಇದನ್ನೇ ಹಿಡಿದು ಕೈ ಎತ್ತಿದರೆ ಸಹಿ ನಿಮ್ಮದೇ ಇರುತ್ತದೆ. ಹಾಗೇ, ಕ್ಲೇಮ್ ಇಲ್ಲದಿದ್ದರೂ ಪಾಲಿಸಿ ಮುಗಿದು 90 ದಿನದೊಳಗೆ ರಿನ್ಯೂ ಮಾಡದಿದ್ದರೆ ಕೂಡಿಟ್ಟ ಎನ್‌ಸಿಬಿ ಅಲ್ಲಿಗೆ ಮುಗಿಯಿತು.

ಈಗ ಹೊಸ ಕಾರಿಗೆ ಜೀರೋ ಡೆಪ್, ಎನ್‌ಸಿಬಿ ಪ್ರೊಟೆಕ್ಟ್ ಎರಡೂ ಇಟ್ಟುಕೊಂಡಿದ್ದೇನೆ. ಹಳೆಯದಕ್ಕೆ ಪ್ರೊಟೆಕ್ಟ್ ತೆಗೆಸಿಬಿಟ್ಟೆ. ಅದರ ಐಡಿವಿ ಎಷ್ಟು ಇಳಿದಿದೆ ಅಂದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಉಳಿಸಲು ದೊಡ್ಡದೇನೂ ಇಲ್ಲ. ಚಿಕ್ಕಪುಟ್ಟದ್ದಾದರೆ ಗುದ್ದಿದವರ ಹತ್ತಿರ ಕೇಳುತ್ತೇನೆ, ಕೊಡದಿದ್ದರೆ ನನ್ನ ಕೈಯಿಂದಲೇ ಕಟ್ಟುತ್ತೇನೆ.