ಮುದ್ದೆಮಾಲು ಕೋಣೆಯಲ್ಲಿ ಖಾಕಿ ಕವರ್: ನಾಲ್ಕು ವರ್ಷದ ಬಳಕೆ

ದಪ್ಪ ಕಾಗದದ ಖಾಕಿ ಕವರ್. ಕಲಬುರಗಿ ಕಡೆಯ ಒಂದು ಮುದ್ದೆಮಾಲು ಕೋಣೆಯಲ್ಲಿ, ಅಂದರೆ ಕೇಸುಗಳಲ್ಲಿ ಜಪ್ತಿ ಮಾಡಿದ ವಸ್ತು ಇಡುವ ಕೋಣೆಯಲ್ಲಿ, ರಕ್ತದ ಕಲೆಯ ಬಟ್ಟೆ, ಕೂದಲು ಇಡೋಕೆ ನಾಲ್ಕು ವರ್ಷದಿಂದ ಬಳಸುತ್ತಿದ್ದೇವೆ.

ಮೊದಲು ಪ್ಲಾಸ್ಟಿಕ್ ಚೀಲ ಇತ್ತು. ನೋಡೋಕೆ ಗಟ್ಟಿ, ಒಳಗಿನದು ಕಾಣುತ್ತದೆ. ಒಮ್ಮೆ ಕೋರ್ಟ್ ಆದೇಶದ ಮೇಲೆ ಹಳೇ ಕೇಸಿನ ಚೀಲ ಬಿಚ್ಚಿದೆವು. ಅಂಗಿಯ ಕಾಲರ್ ತುಂಬ ಕಪ್ಪು ಬೂಷ್ಟು. ರಕ್ತದ ಕಲೆ ಯಾವುದು, ಬೂಷ್ಟು ಯಾವುದು ಗೊತ್ತೇ ಆಗಲಿಲ್ಲ. ಹಸಿ ಆರುವ ಮೊದಲೇ ಕಟ್ಟಿಬಿಟ್ಟಿದ್ದರು. ತೇವ ಒಳಗೇ ಉಳಿದರೆ ಬೂಷ್ಟು, ಬ್ಯಾಕ್ಟೀರಿಯಾ ಸೇರಿ ಡಿಎನ್‌ಎಯನ್ನು ತಿಂದು ಹಾಕುತ್ತವೆ.

ಕಾಗದದಲ್ಲಿ ಗಾಳಿ ಆಡುತ್ತದೆ. ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಹಾಕಬೇಕು, ಅಷ್ಟೇ. ಹೋದ ವರ್ಷ ಮೇಲ್ಮನವಿಗೆ ಬೇಕಾಗಿ ಒಂದು ಕವರ್ ತೆಗೆದಾಗ ಬಟ್ಟೆ ಕಟ್ಟಿದ ದಿನದ ಹಾಗೇ ಇತ್ತು. ದ್ರವ ರಕ್ತಕ್ಕೆ ಮಾತ್ರ ಈ ಕವರ್ ಆಗಲ್ಲ, ಅದಕ್ಕೆ ಫ್ರಿಜ್ಜೇ ಬೇಕು.

ಇನ್ನು ತಕರಾರು. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ಕವರಿನ ಅಂಟು ಬಿಡುತ್ತದೆ. ಮೇಲಿನ ಅರಗಿನ ಮೊಹರು ಮೆತ್ತಗಾಗಿ ಪಕ್ಕದ ಕವರಿಗೆ ಮೆತ್ತಿಕೊಳ್ಳುತ್ತದೆ. ಎಳೆದರೆ ಅರ್ಧ ಮೊಹರು ಅತ್ತ, ಅರ್ಧ ಇತ್ತ. ಮೊಹರು ಒಡೆದಿದೆ ಅಂದರೆ ವಕೀಲರು ಬಿಡ್ತಾರಾ? ಈಗ ನಡುವೆ ರಟ್ಟು ಇಟ್ಟು ಕವರ್‌ಗಳನ್ನು ನಿಲ್ಲಿಸಿಡುತ್ತೇವೆ. ‘ಪ್ಲಾಸ್ಟಿಕ್ಕೇ ಛಲೋ ಇತ್ರೀ ಸರ್, ಇಲ್ಲಿ ಇಲಿ, ಗೆದ್ದಲು ಭಾಳ’ ಅಂದರು ಹವಾಲ್ದಾರರು. ಅವರ ಮಾತು ಸುಳ್ಳಲ್ಲ. ಅದಕ್ಕೇ ತಗಡಿನ ಟ್ರಂಕು ತಂದು, ಕವರ್‌ಗಳ ಪಕ್ಕ ತೇವ ಹೀರುವ ಸಿಲಿಕಾ ಜೆಲ್ ಡಬ್ಬಿ ಇಟ್ಟೆವು. ನೀಲಿ ಹರಳು ಗುಲಾಬಿ ಆದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಇಡೋದು. ಮಳೆಗಾಲದಲ್ಲಿ ಈ ಕೆಲಸ ಜಾಸ್ತಿ.

ಡಿಎನ್‌ಎ ಮಾದರಿ 48 ಗಂಟೆಯೊಳಗೆ ಲ್ಯಾಬಿಗೆ ಹೋಗಬೇಕು, ಕೈಯಿಂದ ಕೈಗೆ ದಾಟಿದ್ದೆಲ್ಲ ರಿಜಿಸ್ಟರಿನಲ್ಲಿ ಇರಬೇಕು ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೇದೇ. ಆದರೆ ಆ ರಿಜಿಸ್ಟರ್ ಶಿಕ್ಷೆ ಅಥವಾ ಖುಲಾಸೆ ಆಗೋವರೆಗೆ. ಆಮೇಲೆ? ಅಮೆರಿಕದ ಫೆಡರಲ್ ಕೇಸುಗಳಲ್ಲಿ, ಅಪರಾಧಿ ಜೈಲಲ್ಲಿ ಇರೋವರೆಗೂ ಇಂಥ ಮಾಲು ಸಾಮಾನ್ಯವಾಗಿ ಉಳಿಸಬೇಕು, 2004ರ ಕಾನೂನು ಇದೆ. ನಮ್ಮ ಕೈಗೆ ಬರೋ ತೀರ್ಪಿನ ಕೊನೇ ಸಾಲು ಹೆಚ್ಚಾಗಿ ಒಂದೇ: ‘ಮೇಲ್ಮನವಿ ಅವಧಿ ಮುಗಿದ ನಂತರ ನಾಶಪಡಿಸತಕ್ಕದ್ದು.’ ಚೆನ್ನಾಗಿರೋ ಕವರನ್ನು ಬೆಂಕಿಗೆ ಹಾಕುವಾಗ ಕೈ ಸ್ವಲ್ಪ ತಡೆಯುತ್ತದೆ, ಖರೇ.

ಐದಕ್ಕೆ ಮೂರೂವರೆ. ಅಂಟಿಗೆ ಒಂದು ಕಳೆದೆ, ಗೆದ್ದಲಿಗೆ ಅರ್ಧ.