ಮೂರೂವರೆ ಗಂಟೆ ಓಡಿ ಸಮಯ ಉಳಿಸುವ ಯಂತ್ರ

ನಮ್ಮ ಮನೆಗೆ ಡಿಶ್‌ವಾಷರ್ ಬಂದಿದೆ ಎಂದು ಗೊತ್ತಾದವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: ‘ಪಾತ್ರೆ ನಿಜವಾಗಿ ಕ್ಲೀನ್ ಆಗುತ್ತಾ?’ ಆಗುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಸಮಯ ಉಳಿಯುತ್ತದೆಯೇ, ದುಡ್ಡು ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ಇಷ್ಟು ಚುಟುಕಾಗಿ ಉತ್ತರ ಕೊಡಲಾಗದು. ಸಮಯಕ್ಕೆ ಒಂದು ಉತ್ತರ, ದುಡ್ಡಿಗೆ ಬೇರೆಯೇ ಉತ್ತರ.

ನಮ್ಮದು ಐದು ಜನರ ಮನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಲೆಕ್ಕಪತ್ರದ ನೌಕರಿಯಿಂದ ನಿವೃತ್ತರಾದರೂ ಲೆಕ್ಕ ಬಿಡದ ನನ್ನ ಅಪ್ಪ. ಯಂತ್ರ 60 ಸೆಂಟಿಮೀಟರ್ ಅಗಲದ್ದು, 14 ಪ್ಲೇಸ್ ಸೆಟ್ಟಿಂಗಿನದು. ಕಂಪನಿಯ ಹೆಸರು ಹೇಳುವುದಿಲ್ಲ. ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ಯಾವ ಕಂಪನಿಯ ಯಂತ್ರಕ್ಕೂ ಸಲ್ಲುತ್ತದೆ.

ಮೊದಲು ಆ 14ರ ವಿಷಯ. ಪೆಟ್ಟಿಗೆಯ ಮೇಲೆ ಅಷ್ಟು ದೊಡ್ಡದಾಗಿ ಅಚ್ಚು ಹಾಕಿರುವುದನ್ನು ನೋಡಿ 14 ಜನರ ಊಟದ ಪಾತ್ರೆಯೆಲ್ಲ ಒಂದೇ ಸಲಕ್ಕೆ ಹಿಡಿಸುತ್ತದೆ ಎಂದುಕೊಳ್ಳಬೇಡಿ. ಅದು ಮುಖ್ಯವಾಗಿ ತಟ್ಟೆ, ಬಟ್ಟಲು, ಲೋಟ, ಚಮಚಗಳ ಲೆಕ್ಕ. ಒಲೆಯ ಮೇಲಿನ ಬಾಣಲೆ, ತಪ್ಪಲೆ, ಕುಕ್ಕರ್ ಒಳಗೆ ಹೋದ ಕೂಡಲೇ ಆ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಐದು ಜನರಿಗೆ ದಿನಕ್ಕೆ ಒಂದು ಸಲ, ಮನೆಗೆ ಯಾರಾದರೂ ಬಂದರೆ ಎರಡು ಸಲ ಓಡಿಸಿದರೆ ಸಾಕಾಗುತ್ತದೆ. ಇದಕ್ಕಿಂತ ಚಿಕ್ಕದನ್ನು ತಂದಿದ್ದರೆ ದೊಡ್ಡ ಪಾತ್ರೆಗಳೆಲ್ಲ ಸಿಂಕಿನಲ್ಲೇ ಉಳಿಯುತ್ತಿದ್ದವು.

ಇನ್ನು ಸಮಯ. ನಾವು ದಿನವೂ ಬಳಸುವುದು ‘ಇಕೋ’ ಎಂಬ ಪ್ರೋಗ್ರಾಂ. ಅದಕ್ಕೆ ಮೂರೂವರೆ ಗಂಟೆ ಬೇಕು. ಅಪ್ಪ ಮೊದಲ ಸಲ ಪರದೆಯ ಮೇಲೆ ಅದನ್ನು ಓದಿ, ‘ಏನಮ್ಮಾ ಇದು, ನಾಲ್ಕು ತಟ್ಟೆಗೆ ಇಡೀ ಮಧ್ಯಾಹ್ನವಾ? ನಾನೇ ತೊಳೆದು ಒಂದು ನಿದ್ದೆ ಮಾಡಿ ಏಳ್ತೀನಲ್ಲ’ ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ, ತೊಳೆದು ನಿದ್ದೆ ಮಾಡಬಹುದು. ಆದರೆ ಆ ಮೂರೂವರೆ ಗಂಟೆ ಯಂತ್ರದ್ದು, ನಮ್ಮದಲ್ಲ. ನಮ್ಮದು ಪಾತ್ರೆ ಜೋಡಿಸುವ ಹತ್ತು ನಿಮಿಷ, ತೆಗೆದಿಡುವ ಏಳೆಂಟು ನಿಮಿಷ. ಮೊದಲು ರಾತ್ರಿ ಊಟವಾದ ಮೇಲೆ ಒಬ್ಬರು ಮುಕ್ಕಾಲು ಗಂಟೆ ಸಿಂಕಿನ ಮುಂದೆ ನಿಲ್ಲಬೇಕಿತ್ತು, ಬೆಳಗಿನ ಪಾತ್ರೆ ಬೇರೆ.

ಅಷ್ಟು ಹೊತ್ತು ಯಾಕೆ ಬೇಕು ಎಂಬುದಕ್ಕೆ ಒಳ್ಳೆಯ ಕಾರಣವಿದೆ. ಹರ್ಬರ್ಟ್ ಸಿನ್ನರ್ ಎಂಬ ಜರ್ಮನ್ ರಸಾಯನ ತಜ್ಞರು 1959ರಲ್ಲಿ ತೊಳೆಯುವ ಕೆಲಸವನ್ನು ನಾಲ್ಕು ಭಾಗ ಮಾಡಿ ತೋರಿಸಿದರು: ಬಿಸಿ, ರಾಸಾಯನಿಕ, ಉಜ್ಜುವ ಬಲ, ಸಮಯ. ಒಂದನ್ನು ಕಡಿಮೆ ಮಾಡಿದರೆ ಉಳಿದವುಗಳಲ್ಲಿ ಯಾವುದನ್ನಾದರೂ ಹೆಚ್ಚಿಸಲೇಬೇಕು. ನಾವು ಕೈಯಲ್ಲಿ ತೊಳೆಯುವಾಗ ಉಜ್ಜುವ ಬಲ ಬೇಕಾದಷ್ಟು ಹಾಕುತ್ತೇವೆ. ಯಂತ್ರಕ್ಕೆ ಕೈಯಿಲ್ಲ, ನಾರಿಲ್ಲ. ತಿರುಗುವ ತೋಳುಗಳಿಂದ ಚಿಮ್ಮುವ ನೀರಷ್ಟೇ. ಅದಕ್ಕೇ ಅದು ಬಿಸಿಯನ್ನೂ ಕಟುವಾದ ಸೋಪಿನ ಪುಡಿಯನ್ನೂ ನೆಚ್ಚಿಕೊಂಡಿದೆ. ಇಕೋದಲ್ಲಿ ಕರೆಂಟು ಉಳಿಸಲು ನೀರನ್ನು 50 ಡಿಗ್ರಿಯ ಆಸುಪಾಸಿನಲ್ಲೇ ಇಡುತ್ತಾರೆ. ಆ ಕೊರತೆಯನ್ನು ಗಂಟೆಗಳಿಂದ ತುಂಬಿಕೊಳ್ಳಬೇಕು. ಅವಸರದ ಪ್ರೋಗ್ರಾಂ ಒಂದು ಗಂಟೆಯೊಳಗೆ ಮುಗಿಯುತ್ತದೆ, ಆದರೆ ನೀರು ಹೆಚ್ಚು ಕಾಯಿಸುತ್ತದೆ, ಪಾತ್ರೆ ಅಷ್ಟಾಗಿ ಒಣಗುವುದೂ ಇಲ್ಲ. ರಾತ್ರಿ ಹಾಕಿ ಬೆಳಿಗ್ಗೆ ತೆಗೆಯುವವರಿಗೆ ಅದರ ಅಗತ್ಯವೇ ಬರುವುದಿಲ್ಲ.

ಕರೆಂಟಿನ ವಿಷಯದಲ್ಲಿ ನನ್ನ ಮಾತು ಬೇಡ, ಅಪ್ಪನ ಲೆಕ್ಕ ನಂಬಿ. ಮನೆಯಲ್ಲಿ ಬೇರೆಲ್ಲ ಆರಿಸಿ ಮೀಟರ್ ಮುಂದೆ ನಿಂತು ಬರೆದುಕೊಂಡಿದ್ದಾರೆ. ಇಕೋಗೆ ಒಂದು ಯೂನಿಟ್ಟಿಗಿಂತ ಸ್ವಲ್ಪ ಕಡಿಮೆ, ತುಂಬ ಜಿಡ್ಡಿಗೆ ಬಳಸುವ ‘ಇಂಟೆನ್ಸಿವ್’ಗೆ ಸುಮಾರು ಒಂದೂವರೆ. ಇದರಲ್ಲಿ ಹೆಚ್ಚಿನದು ನೀರು ಕಾಯಿಸಲು ಹೋಗುತ್ತದೆ. ಪಂಪು ಕುಡಿಯುವುದು ಅಷ್ಟೇನಿಲ್ಲ. ಹಾಗಾಗಿ ಅರ್ಧ ತುಂಬಿದ ಯಂತ್ರ ಓಡಿಸುವುದು ನಷ್ಟ. ಪಾತ್ರೆ ಅರ್ಧವಾದರೆ ಬಿಲ್ ಅರ್ಧವಾಗುವುದಿಲ್ಲ.

ಇಲ್ಲಿ ಅಂಗಡಿಯವರು ಹೇಳದ ಒಂದು ಮಾತಿದೆ. ಇಷ್ಟು ದಿನ ನೀವು ಬಿಸಿನೀರಿನಲ್ಲಿ ಪಾತ್ರೆ ತೊಳೆಯುತ್ತಿದ್ದರೆ ಯಂತ್ರದಿಂದ ಕರೆಂಟು ಅಥವಾ ಗ್ಯಾಸು ಉಳಿಯಬಹುದು. ನಲ್ಲಿಯ ತಣ್ಣೀರಿನಲ್ಲೇ ತೊಳೆಯುತ್ತಿದ್ದರೆ ಉಳಿತಾಯದ ಮಾತೇ ಇಲ್ಲ, ಯಂತ್ರದ್ದು ಪೂರ್ತಿ ಹೊಸ ಖರ್ಚು. ನಾವು ಎರಡನೆಯ ಗುಂಪಿನವರು. ನಮ್ಮ ಕರೆಂಟ್ ಬಿಲ್ ಏರಿದೆ, ಇಳಿದಿಲ್ಲ.

ನೀರು ಮಾತ್ರ ನಿಜವಾಗಿ ಉಳಿಯುತ್ತದೆ. ಈಗಿನ ದೊಡ್ಡ ಯಂತ್ರಗಳಲ್ಲಿ ಒಂದು ಇಕೋ ಸುತ್ತಿಗೆ ಹೋಗುವುದು ಹತ್ತು ಲೀಟರ್ ಆಸುಪಾಸು. ನಲ್ಲಿ ಪೂರ್ತಿ ಬಿಟ್ಟುಕೊಂಡು ತೊಳೆದರೆ ಅಷ್ಟು ನೀರು ಒಂದೆರಡು ನಿಮಿಷದಲ್ಲೇ ಹರಿದು ಹೋಗುತ್ತದೆ. ಜರ್ಮನಿಯ ಬಾನ್ ವಿಶ್ವವಿದ್ಯಾಲಯದವರು ಯುರೋಪಿನ ಬೇರೆ ಬೇರೆ ದೇಶದವರಿಂದ 12 ಜನರ ಪಾತ್ರೆಯನ್ನು ಕೈಯಲ್ಲಿ ತೊಳೆಸಿ ನೋಡಿದಾಗ ಸರಾಸರಿ 100 ಲೀಟರ್ ಸುಮಾರಿಗೆ ಖರ್ಚಾಗಿತ್ತು. ಯಂತ್ರ ಮಾರುವವರು ಇದನ್ನು ಜೋರಾಗಿ ಹೇಳುತ್ತಾರೆ. 2020ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಿಂದ ಬಂದ ಅಧ್ಯಯನದ ಬಗ್ಗೆ ಮಾತ್ರ ಸುಮ್ಮನಿರುತ್ತಾರೆ. ಒಂದು ತೊಟ್ಟಿಯಲ್ಲಿ ಸೋಪಿನ ಬಿಸಿನೀರು, ಇನ್ನೊಂದರಲ್ಲಿ ಜಾಲಿಸಲು ತಣ್ಣೀರು ಇಟ್ಟುಕೊಂಡು ಹುಷಾರಾಗಿ ತೊಳೆದರೆ ಪರಿಸರಕ್ಕಾಗುವ ಹಾನಿ ಯಂತ್ರಕ್ಕಿಂತ ಕಡಿಮೆ ಎಂದು ಅದು ಕಂಡುಕೊಂಡಿತ್ತು. ಅಂದರೆ ಎರಡು ಪಾತ್ರೆ ನೀರಿನಲ್ಲಿ ಇಡೀ ಮನೆಯ ತಟ್ಟೆ ಬೆಳಗುವ ಕೈಯಿದ್ದರೆ ನಿಮಗೆ ಯಂತ್ರ ಉಳಿಸಿಕೊಡುವುದು ಸಮಯವನ್ನಷ್ಟೆ. ನಮ್ಮ ಮನೆಯಲ್ಲಿ ಅಂಥ ಕೈ ಯಾರಿಗೂ ಇಲ್ಲ. ನನ್ನ ಗಂಡ ಒಂದು ಲೋಟ ತೊಳೆಯುವಷ್ಟರಲ್ಲಿ ಬಕೆಟ್ ತುಂಬುವಷ್ಟು ನೀರು ಹೋಗಿರುತ್ತದೆ.

ಒಳಗೆ ಹಾಕುವ ಮೊದಲು ತಟ್ಟೆಯನ್ನು ನಲ್ಲಿಯ ಕೆಳಗೆ ತೊಳೆಯುವ ಅಭ್ಯಾಸ ಬಿಡಿಸುವುದೇ ಈ ಮನೆಯಲ್ಲಿ ದೊಡ್ಡ ಹೋರಾಟವಾಗಿತ್ತು. ಉಳಿದ ತುಣುಕನ್ನು ಕಸದ ಬುಟ್ಟಿಗೆ ಕೆರೆದು ಹಾಕಿದರೆ ಸಾಕು. ಪುಡಿಯಲ್ಲಿರುವ ಕಿಣ್ವಗಳು ಪಿಷ್ಟವನ್ನೂ ಪ್ರೋಟೀನನ್ನೂ ಒಡೆಯಲೆಂದೇ ಇರುವಂಥವು. ಮೇಲಾಗಿ ಬಹಳಷ್ಟು ಹೊಸ ಯಂತ್ರಗಳಲ್ಲಿ ನೀರು ಎಷ್ಟು ಕದಡಿದೆ ಎಂದು ನೋಡುವ ಸೆನ್ಸರ್ ಇರುತ್ತದೆ. ಆಟೋ ಪ್ರೋಗ್ರಾಂ ಅದರ ಮೇಲೆಯೇ ನಿಂತಿರುವುದು. ಮೊದಲೇ ಜಾಲಿಸಿ ಇಟ್ಟರೆ ನೀರು ತಿಳಿಯಾಗಿ ಕಾಣುತ್ತದೆ, ಯಂತ್ರ ಹಗುರವಾಗಿ ತೊಳೆದು ಮುಗಿಸುತ್ತದೆ, ತಳದಲ್ಲಿ ಅಂಟಿಕೊಂಡದ್ದು ಹಾಗೇ ಉಳಿಯುತ್ತದೆ. ಎರಡು ಸಲ ತೊಳೆಯುವವರಿಗೆ ಯಾವ ಯಂತ್ರವೂ ಏನನ್ನೂ ಉಳಿಸಿಕೊಡಲಾರದು. ತಳ ಹಿಡಿದ ತಪ್ಪಲೆಯೊಂದಕ್ಕೆ ಮಾತ್ರ ರಿಯಾಯಿತಿ: ನೀರು ಹಾಕಿ ನೆನೆಸಿಟ್ಟು ಆಮೇಲೆ ಹಾಕುತ್ತೇವೆ. ಸೀದು ಕರಿಕಾದದ್ದು ಹಾಗೆ ಮಾಡಿದರೂ ಪೂರ್ತಿ ಬಿಡುವುದಿಲ್ಲ, ಅದನ್ನು ಕೈಯಿಂದಲೇ ಉಜ್ಜಬೇಕು.

ಜೋಡಿಸುವುದೂ ಒಂದು ಕಲೆ ಎಂದು ಜನ ಹೆದರಿಸುತ್ತಾರೆ. ಕೊಳೆಯ ಮುಖ ನೀರು ಬರುವ ಕಡೆಗಿರಬೇಕು, ಬಟ್ಟಲು ಬೋರಲಾಗಿ ಸ್ವಲ್ಪ ಓರೆಯಾಗಿರಬೇಕು, ಚಮಚಗಳು ಒಂದರ ಬೆನ್ನಿಗೆ ಒಂದು ಅಂಟಿರಬಾರದು, ಪ್ಲಾಸ್ಟಿಕ್ ಮೇಲಿನ ತಟ್ಟಿನಲ್ಲಿ (ಪಾತ್ರೆ ಇಡುವ ಜಾಲರಿಯಲ್ಲಿ) ಇರಬೇಕು. ಬಾಗಿಲು ಮುಚ್ಚುವ ಮೊದಲು ನೀರು ಚಿಮ್ಮುವ ತೋಳನ್ನು ಬೆರಳಿನಿಂದ ಒಮ್ಮೆ ತಿರುಗಿಸಿ ನೋಡಿ. ಸೌಟಿನ ಹಿಡಿಯೊಂದು ಅಡ್ಡ ಬಂದರೂ ಸಾಕು, ಮೂರೂವರೆ ಗಂಟೆ ವ್ಯರ್ಥ. ತೆಗೆಯುವಾಗ ಕೆಳಗಿನ ತಟ್ಟು ಮೊದಲು. ಮೇಲೆ ಬೋರಲಾಗಿರುವ ಲೋಟಗಳ ತಳದಲ್ಲಿ ನಿಂತ ನೀರು ಇಲ್ಲವಾದರೆ ಒಣಗಿದ ತಟ್ಟೆಗಳ ಮೇಲೆ ಸುರಿಯುತ್ತದೆ. ನಮ್ಮ ಒಂಬತ್ತು ವರ್ಷದ ಮಗ ಇದೆಲ್ಲವನ್ನೂ ನನಗಿಂತ ಚೆನ್ನಾಗಿ ಮಾಡುತ್ತಾನೆ. ಸಿಂಕಿನ ಹತ್ತಿರ ಸುಳಿಯದಿದ್ದವನು ಇದನ್ನು ಜಾಗ ಹೊಂದಿಸುವ ಆಟವೆಂದುಕೊಂಡಿದ್ದಾನೆ, ನಾವೂ ಸುಮ್ಮನಿದ್ದೇವೆ. ಯಂತ್ರ ನನಗೆ ಉಳಿಸಿದ ಸಮಯದಲ್ಲಿ ಒಂದು ಭಾಗ ಬಂದದ್ದು ಹೀಗೆ, ಕೆಲಸ ಬೇರೆಯವರ ಕೈಗೆ ಹೋಗಿ.

ಪ್ಲಾಸ್ಟಿಕ್ ಡಬ್ಬಿಗಳು ಒದ್ದೆಯಾಗಿಯೇ ಬರುತ್ತವೆ. ಅದು ಯಂತ್ರ ಕೆಟ್ಟಿದ್ದರಿಂದಲ್ಲ. ಪಿಂಗಾಣಿ, ಸ್ಟೀಲು ಕೊನೆಯ ಬಿಸಿನೀರಿನ ಶಾಖ ಹಿಡಿದಿಟ್ಟುಕೊಂಡು ತಾವೇ ಆರುತ್ತವೆ. ಹಗುರವಾದ ಪ್ಲಾಸ್ಟಿಕ್ಕಿಗೆ ಆ ಶಾಖ ನಿಲ್ಲುವುದಿಲ್ಲ. ಕೊನೆಯಲ್ಲಿ ಬಾಗಿಲು ತಾನಾಗಿ ತೆರೆದುಕೊಳ್ಳುವ ಮಾದರಿಗಳಲ್ಲಿ ಈ ತೊಂದರೆ ಕಡಿಮೆ. ಹೆಚ್ಚು ದುಡ್ಡು ಕೊಟ್ಟು ಕೊಳ್ಳಬಹುದಾದ ಸೌಲಭ್ಯ ಯಾವುದೆಂದರೆ ನಾನು ಇದನ್ನೇ ಹೇಳುತ್ತೇನೆ. ಫೋನಿನಿಂದ ಓಡಿಸುವ ಸೌಲಭ್ಯ ಬೇಕಿಲ್ಲ, ಪಾತ್ರೆ ಇಡಲು ಹೇಗೂ ಯಂತ್ರದ ಮುಂದೆಯೇ ನಿಂತಿರುತ್ತೇವೆ. ತಡವಾಗಿ ಶುರುವಾಗುವ ಟೈಮರ್ ಇರಲಿ. ರಾತ್ರಿ ಕರೆಂಟು ಅಗ್ಗವಾಗಿ ಸಿಗುವ ಕಡೆ ಅದರಿಂದ ಬಿಲ್ ಇಳಿಯುತ್ತದೆ.

ಖರ್ಚಿನಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಸೋಪಿನ ಕಡೆ. ಅಪ್ಪನ ಪುಸ್ತಕದ ಪ್ರಕಾರ ನಮ್ಮಲ್ಲಿ ಕರೆಂಟಿಗಿಂತ ಸೋಪಿನ ಟ್ಯಾಬ್ಲೆಟ್‌ಗಳಿಗೇ ಹೆಚ್ಚು ಹೋಗುತ್ತಿತ್ತು. ಎಷ್ಟೇ ಪಾತ್ರೆಯಿದ್ದರೂ ಟ್ಯಾಬ್ಲೆಟ್ ಒಂದು ಪೂರ್ತಿ ಹಾಕಬೇಕು. ಪುಡಿಯಾದರೆ ಕೊಳೆ ನೋಡಿ ಅಳೆದು ಹಾಕಬಹುದು, ಯಂತ್ರ ಮೊದಲು ಜಾಲಿಸುವ ಹಂತಕ್ಕೂ ಒಂದು ಚಿಟಿಕೆ ಉದುರಿಸಬಹುದು. ಈಗ ಪುಡಿಯೇ. ಉಳಿತಾಯ ಎಂದು ಸಿಂಕಿನಲ್ಲಿ ಬಳಸುವ ದ್ರವ ಸೋಪನ್ನು ಇದರೊಳಗೆ ಹಾಕಬೇಡಿ. ನೊರೆಯೆದ್ದು ಪಂಪು ಒದ್ದಾಡುತ್ತದೆ, ಬಾಗಿಲಿನಿಂದ ಹೊರಗೂ ಬರಬಹುದು.

ನೀರು ಗಡಸಾಗಿದ್ದರೆ ಉಪ್ಪೂ ಬೇಕು. ಯಂತ್ರದೊಳಗೆ ನೀರನ್ನು ಮೆದುಗೊಳಿಸಲು ಇರುವ ರಾಳ (ರೆಸಿನ್) ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ; ಆ ಸೋಡಿಯಂ ಮತ್ತೆ ತುಂಬಿಕೊಳ್ಳಲು ಉಪ್ಪು. ಊಟದ ಪುಡಿ ಉಪ್ಪು ಬೇಡ, ಅದು ಗಂಟು ಕಟ್ಟದಿರಲೆಂದು ಸೇರಿಸುವ ಪದಾರ್ಥಗಳು ಒಳಗೆ ಕಟ್ಟಿಕೊಳ್ಳಬಹುದು. ಯಂತ್ರ ಕೂರಿಸಲು ಬಂದ ಹುಡುಗ ನೀರಿನ ಗಡಸುತನ ಹೊಂದಿಸದೆಯೇ ಹೋಗಿದ್ದ. ಲೋಟಗಳ ಮೇಲೆ ಬಿಳಿ ಪೊರೆ ಕಟ್ಟಿದ ಮೇಲೆ ಕೈಪಿಡಿ ಓದಿ ನಾವೇ ಸರಿ ಮಾಡಿಕೊಂಡೆವು. ಆ ಪೊರೆ ವಿನೆಗರ್ ಹಚ್ಚಿದರೆ ಹೋದರೆ ಸುಣ್ಣದ್ದು. ಹೋಗದಿದ್ದರೆ ಗಾಜೇ ಸವೆದಿದೆ ಎಂದರ್ಥ, ಅದಕ್ಕೆ ಮದ್ದಿಲ್ಲ.

ಹಾಕಬಾರದವೂ ಇವೆ. ಅಲ್ಯೂಮಿನಿಯಂ ಪಾತ್ರೆ ಕ್ಷಾರದ ಪುಡಿಗೆ ಕಪ್ಪಾಗುತ್ತದೆ, ಮರದ ಸೌಟು ಬಿರಿಯುತ್ತದೆ, ಬೀಡಿನ ಕಾವಲಿ ತುಕ್ಕು ಹಿಡಿಯುತ್ತದೆ, ಹರಿತವಾದ ಚಾಕು ಮೊಂಡಾಗುತ್ತದೆ. ನಿಮ್ಮ ಅಡುಗೆಮನೆಯ ತುಂಬ ಇಂಥವೇ ಇದ್ದರೆ ಲೆಕ್ಕಕ್ಕೆ ಹೊಸ ಪಾತ್ರೆಗಳ ಖರ್ಚನ್ನೂ ಸೇರಿಸಿಕೊಳ್ಳಿ.

ಒಂದು ಸ್ವಾರಸ್ಯದ ಸಂಗತಿ. ಕೆಲಸಕ್ಕೆ ಬರುವಂಥ ಮೊದಲ ಡಿಶ್‌ವಾಷರಿಗೆ 1886ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಜೋಸೆಫೀನ್ ಕಾಕ್ರೇನ್ ಸಮಯ ಉಳಿಸಲು ಹೊರಟವರಲ್ಲ. ಆಳುಗಳು ತೊಳೆಯುವಾಗ ಅವರ ಒಳ್ಳೆಯ ಪಿಂಗಾಣಿ ತಟ್ಟೆಗಳ ಅಂಚು ಒಡೆಯುತ್ತಿತ್ತಂತೆ, ಅದಕ್ಕೆ. 1893ರ ಷಿಕಾಗೋ ಮಹಾಮೇಳದಲ್ಲಿ ಆ ಯಂತ್ರ ಹೆಸರು ಮಾಡಿತು. ಆದರೆ ಕೊಂಡವರು ಮುಖ್ಯವಾಗಿ ಹೋಟೆಲುಗಳು. ಮನೆಗಳ ಅಡುಗೆಮನೆಗೆ ಇದು ಬರಲು ಇನ್ನೂ ಅರ್ಧ ಶತಮಾನವೇ ಹಿಡಿಯಿತು. ಒಡೆಯುವುದರ ವಿಷಯದಲ್ಲಿ ಆಕೆಯ ಮಾತು ಈಗಲೂ ನಿಜ. ಯಂತ್ರ ಬಂದ ಮೇಲೆ ನಮ್ಮಲ್ಲಿ ಲೋಟ ಒಡೆಯುವುದು ತೀರಾ ಕಡಿಮೆಯಾಗಿದೆ.

ನಿರ್ವಹಣೆ ದೊಡ್ಡದೇನಲ್ಲ. ತಳದ ಫಿಲ್ಟರನ್ನು ವಾರಕ್ಕೊಮ್ಮೆ ತಿರುಗಿಸಿ ತೆಗೆದು ಹಳೆಯ ಬ್ರಶ್ಶಿನಿಂದ ಉಜ್ಜಬೇಕು, ಇಲ್ಲವಾದರೆ ವಾಸನೆ ಬರುತ್ತದೆ. ಮೇಲಿನ ತಟ್ಟಿನ ಪ್ಲಾಸ್ಟಿಕ್ ಗಾಲಿಯೊಂದು ಮುರಿಯಿತು. ಬಿಡಿಭಾಗ ಬರಲು ಕಾದದ್ದೇ ಕಾದದ್ದು, ಆ ಅವಧಿಯಲ್ಲಿ ತಟ್ಟು ಒಂದು ಪಕ್ಕಕ್ಕೆ ವಾಲಿಕೊಂಡೇ ಕೆಲಸ ಮಾಡಿತು. ಈ ಬೆಲೆಯ ವಸ್ತುವಿಗೆ ಅಂಥ ಗಾಲಿ ಹಾಕಿದ್ದಕ್ಕೆ ಒಂದು ನಕ್ಷತ್ರ ಕಡಿತ.

ಹಾಗಾದರೆ ಯಾರು ಕೊಳ್ಳಬಹುದು? ನಾಲ್ಕು ಜನಕ್ಕಿಂತ ಹೆಚ್ಚಿರುವ, ದಿನವೂ ಮನೆಯಲ್ಲೇ ಅಡುಗೆ ಮಾಡುವ, ಸಂಜೆಯ ಮುಕ್ಕಾಲು ಗಂಟೆಗೆ ಬೆಲೆಯಿರುವ ಮನೆಯವರು ಕಣ್ಣು ಮುಚ್ಚಿ ಕೊಳ್ಳಬಹುದು. ಒಬ್ಬರೋ ಇಬ್ಬರೋ ಇದ್ದರೆ ಯಂತ್ರ ತುಂಬಲು ಎರಡು ದಿನ ಕಾಯಬೇಕು, ಅಷ್ಟರಲ್ಲಿ ಒಳಗೆ ನಾತ. ದುಡ್ಡು ಉಳಿಸಲೆಂದೇ ಕೊಳ್ಳುವುದಾದರೆ ಬೇಡ. ಯಂತ್ರದ ಬೆಲೆ, ಪುಡಿ, ಉಪ್ಪು, ರಿಪೇರಿ ಎಲ್ಲ ಕೂಡಿಸಿದಾಗ ನೀರಿನ ಉಳಿತಾಯವೊಂದೇ ಅದನ್ನು ಸರಿದೂಗಿಸುವುದಿಲ್ಲ ಎಂದು ಅಪ್ಪನ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲೇ ಬರೆದಿದೆ. ಹಾಗೆ ಬರೆದವರೇ ಈಗ ರಾತ್ರಿ ಊಟವಾದ ಮೇಲೆ ಬಟನ್ ಒತ್ತುವುದು ತಮ್ಮದೇ ಕೆಲಸ ಎನ್ನುತ್ತಾರೆ.

ಅಂಗಡಿಗೆ ಹೋಗುವಾಗ ಮನೆಯ ಅತಿ ದೊಡ್ಡ ತಪ್ಪಲೆಯನ್ನೂ ಅತಿ ಅಗಲದ ತಟ್ಟೆಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಅಲ್ಲಿಯೇ ಕೆಳಗಿನ ತಟ್ಟಿನಲ್ಲಿಟ್ಟು, ಮೇಲಿನ ತಟ್ಟನ್ನು ಒಳಗೆ ತಳ್ಳಿ, ತೋಳು ಸರಾಗವಾಗಿ ತಿರುಗುತ್ತದೆಯೇ ನೋಡಿ. ಮಾರಾಟದ ಹುಡುಗರು ನಗುತ್ತಾರೆ, ನಗಲಿ.