ಜಿರಳೆ ಪೆಟ್ಟಿಗೆಗೆ ಹೀಟ್ ಮ್ಯಾಟ್: ಏಳು ತಿಂಗಳ ಬಳಕೆಯ ನಂತರ

ಸಾಕಿದ ಹಲ್ಲಿಗೆ ಆಹಾರವಾಗಲೆಂದು ಮನೆಯಲ್ಲೇ ಡುಬಿಯಾ ಜಿರಳೆಗಳನ್ನು ಬೆಳೆಸುವವರು ಹೀಟ್ ಮ್ಯಾಟ್ ಕೊಂಡ ಮರುವಾರವೇ ಅದರ ಬಗ್ಗೆ ಅಭಿಪ್ರಾಯ ಬರೆದುಬಿಡುವುದುಂಟು. ಮ್ಯಾಟ್ ಬಿಸಿಯಾಗುತ್ತದೆಯೇ ಎಂದು ತಿಳಿಯಲು ಒಂದು ವಾರ ಸಾಕು. ಆ ಬಿಸಿಯಿಂದ ಜಿರಳೆಗಳಿಗೆ ಉಪಯೋಗವಾಯಿತೇ ಎಂದು ತಿಳಿಯಲು ಸಾಲದು. ಡುಬಿಯಾ ಹೆಣ್ಣು ಮೊಟ್ಟೆಗಳ ಕೋಶವನ್ನು ಒಡಲೊಳಗೇ ಇರಿಸಿಕೊಂಡು ಮರಿ ಹಾಕುತ್ತದೆ. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬೆಚ್ಚಗಿನ ಪೆಟ್ಟಿಗೆಯಲ್ಲೂ ಅದಕ್ಕೆ ಸುಮಾರು ಎರಡು ತಿಂಗಳು ಹಿಡಿಯುತ್ತದೆ, ಹುಟ್ಟಿದ ಮರಿ ಬೆಳೆದು ಪ್ರಾಯಕ್ಕೆ ಬರಲು ಮತ್ತೆ ನಾಲ್ಕರಿಂದ ಆರು ತಿಂಗಳು ಬೇಕು. ಆದ್ದರಿಂದ 15 ವ್ಯಾಟಿನ ಒಂದು ಮ್ಯಾಟನ್ನೂ ಅದರ ಜೊತೆಗೇ ಮಾರುವ, ಬಿಸಿಯನ್ನು ಹದದಲ್ಲಿಡುವ ಪ್ಲಗ್ ಮಾದರಿಯ ಥರ್ಮೋಸ್ಟಾಟನ್ನೂ ಏಳು ತಿಂಗಳು ಬಿಡದೆ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮ್ಯಾಟ್ ಒಳ್ಳೆಯದು, ಥರ್ಮೋಸ್ಟಾಟ್ ಪರವಾಗಿಲ್ಲ, ವೈರಿನ ತುದಿಯಲ್ಲಿದ್ದು ಬಿಸಿ ಅಳೆಯುವ ಅದರ ಪ್ರೋಬನ್ನು ಪೆಟ್ಟಿಗೆಯೊಳಗೆ ನಿಲ್ಲಿಸಲು ಕೊಟ್ಟಿರುವ ವ್ಯವಸ್ಥೆ ಮಾತ್ರ ತೀರಾ ಕಳಪೆ.

ಇದಕ್ಕೂ ಮೊದಲು ನಾನು ಬಲ್ಬನ್ನು ಬಳಸುತ್ತಿದ್ದೆ. ಡುಬಿಯಾಗಳು ಬೆಳಕಿಗೆ ಹೆದರುವ, ರಾತ್ರಿ ಓಡಾಡುವ ಹುಳುಗಳಾದ್ದರಿಂದ ಬಲ್ಬು ಉರಿಯುತ್ತಿರುವಷ್ಟು ಹೊತ್ತು ಅವು ಅಡಗಲೆಂದು ಇಟ್ಟ ಕಾಗದದ ಮೊಟ್ಟೆ ಟ್ರೇಗಳ ಸಂದಿಯಿಂದ ಹೊರಬರುತ್ತಿರಲಿಲ್ಲ. ಅದರ ಬಿಸಿಗೆ ಪೆಟ್ಟಿಗೆಯ ಮೇಲ್ಭಾಗ ಒಣಗಿ ತಳಭಾಗ ತಣ್ಣಗೇ ಉಳಿಯುತ್ತಿತ್ತು. ಮ್ಯಾಟಿನಲ್ಲಿ ಈ ತೊಂದರೆ ಇಲ್ಲ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಂಗಾಲದ ತೆಳು ಪಟ್ಟಿಗಳನ್ನು ಕೂರಿಸಿ, ಅವುಗಳ ಮೂಲಕ ವಿದ್ಯುತ್ ಹಾಯಿಸಿ ಬಿಸಿ ಮಾಡುವ ಸರಳ ವಸ್ತು ಇದು, ಬೆಳಕಿಲ್ಲ, ಸದ್ದಿಲ್ಲ. ನಾನು ಕೊಂಡದ್ದರಲ್ಲಿ ಬಿಸಿ ಇಡೀ ಹಾಳೆಗೆ ಸಮನಾಗಿ ಹರಡುತ್ತದೆ, ಏಳು ತಿಂಗಳಲ್ಲಿ ಎಲ್ಲಿಯೂ ಕಪ್ಪು ಕಲೆ ಬಿದ್ದಿಲ್ಲ, ವೈರು ಹಾಳೆಗೆ ಸೇರುವ ಜಾಗ ಸಡಿಲವಾಗಿಲ್ಲ. ಕೊಳ್ಳುವವರು ಆ ಜಾಗವನ್ನು ಮೊದಲು ನೋಡಬೇಕು, ಏಕೆಂದರೆ ಅಗ್ಗದ ಮ್ಯಾಟುಗಳು ಸಾಮಾನ್ಯವಾಗಿ ಕೈಕೊಡುವುದು ಅಲ್ಲಿಯೇ.

ಜೊತೆಗೆ ಬಂದ ಕೈಪಿಡಿ ಮ್ಯಾಟನ್ನು ಪೆಟ್ಟಿಗೆಯ ತಳಕ್ಕೆ ಅಂಟಿಸಲು ಹೇಳುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಜಿರಳೆ ಪೆಟ್ಟಿಗೆಯ ತಳದಲ್ಲಿ ಹಿಕ್ಕೆ, ಪೊರೆ, ತಿಂದುಳಿದ ಪುಡಿ ಎಲ್ಲವೂ ಸೇರಿ ದಿನೇ ದಿನೇ ಒಂದು ಪದರ ದಪ್ಪವಾಗುತ್ತದೆ. ಆ ಪದರ ಕಂಬಳಿಯಂತೆ ಬಿಸಿಯನ್ನು ಕೆಳಗೇ ತಡೆದು ನಿಲ್ಲಿಸುವುದರಿಂದ ಮ್ಯಾಟ್ ತಾನು ಕಾಯುತ್ತದೆಯೇ ಹೊರತು ಪೆಟ್ಟಿಗೆಯನ್ನು ಕಾಯಿಸುವುದಿಲ್ಲ. ಅಲ್ಲದೆ ಸಣ್ಣ ಮರಿಗಳು ಅಡಗಿ ಕೂರುವುದು ಆ ಪುಡಿಯಲ್ಲಿಯೇ, ಬಿಸಿ ಹೆಚ್ಚಾದರೆ ತಪ್ಪಿಸಿಕೊಳ್ಳಲು ಅವು ಇನ್ನೂ ಕೆಳಕ್ಕೆ ಇಳಿಯುತ್ತವೆ, ಅಂದರೆ ನೇರವಾಗಿ ಮ್ಯಾಟಿನ ಮೇಲಕ್ಕೆ. ನಾನು ಅದನ್ನು ಪೆಟ್ಟಿಗೆಯ ಒಂದು ಪಕ್ಕದ ಗೋಡೆಗೆ, ಹೊರಗಿನಿಂದ, ಕೆಳಗಿನ ಅರ್ಧಭಾಗಕ್ಕೆ ಬರುವಂತೆ ಅಂಟಿಸಿದ್ದೇನೆ. ಮೊಟ್ಟೆ ಟ್ರೇಗಳನ್ನು ಅಡ್ಡಡ್ಡ ಪೇರಿಸದೆ ಲಂಬವಾಗಿ ನಿಲ್ಲಿಸಿದರೆ ಹಿಕ್ಕೆ ಕೆಳಗೆ ಉದುರುತ್ತದೆ, ಬೆಚ್ಚಗಿನ ಗಾಳಿ ಟ್ರೇಗಳ ನಡುವೆ ಮೇಲಕ್ಕೆ ಏರುತ್ತದೆ. ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ಅಷ್ಟೇನೂ ಬೆಚ್ಚಗಿಲ್ಲದೆ ಇರುವುದರಿಂದ ತಮಗೆ ಬೇಕಾದ ಜಾಗವನ್ನು ಹುಳುಗಳೇ ಆರಿಸಿಕೊಳ್ಳುತ್ತವೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಅವು ಟ್ರೇಗಳ ತುಂಬ ಚದುರಿ ಕುಳಿತಿದ್ದರೆ ಎಲ್ಲವೂ ಸರಿಯಿದೆ. ಎಲ್ಲವೂ ಮ್ಯಾಟಿನ ಗೋಡೆಗೆ ಒತ್ತಿಕೊಂಡಿದ್ದರೆ ಚಳಿ, ಎಲ್ಲವೂ ಎದುರಿನ ಮೂಲೆಯಲ್ಲಿ ಗುಡ್ಡೆಯಾಗಿದ್ದರೆ ಸೆಕೆ. ಥರ್ಮೋಸ್ಟಾಟಿನ ಅಂಕಿಗಿಂತ ನಾನು ಹೆಚ್ಚಾಗಿ ನಂಬುವುದು ಈ ಲಕ್ಷಣವನ್ನೇ. ಒಂದು ಎಚ್ಚರಿಕೆ: ಮ್ಯಾಟಿನ ಅಂಟು ಒಮ್ಮೆ ಹಿಡಿದರೆ ಬಿಡುವುದಿಲ್ಲ, ಕಿತ್ತರೆ ಒಳಗಿನ ಪಟ್ಟಿ ಹರಿಯಬಹುದು. ಆದ್ದರಿಂದ ಜಾಗವನ್ನು ಗುರುತು ಹಾಕಿಕೊಂಡೇ ಅಂಟಿಸಬೇಕು.

ಥರ್ಮೋಸ್ಟಾಟಿನ ವಿಷಯಕ್ಕೆ ಬರುತ್ತೇನೆ. ಇದು ಬೇಕಾದ ಬಿಸಿ ಮುಟ್ಟಿದೊಡನೆ ವಿದ್ಯುತ್ ಕಡಿದು, ಒಂದು ಡಿಗ್ರಿ ಇಳಿದೊಡನೆ ಮತ್ತೆ ಕೊಡುವ ಸಾಮಾನ್ಯ ಬಗೆಯದು. ಕರೆಂಟ್ ಹೋಗಿ ಬಂದರೂ ಇಟ್ಟ ಅಂಕಿಯನ್ನು ಮರೆಯುವುದಿಲ್ಲ, ಇದು ದೊಡ್ಡ ಅನುಕೂಲ. ಇದರ ಅಳತೆ ಸರಿಯಿದೆಯೇ ಎಂದು ನೋಡಲು ಒಂದು ಲೋಟದಲ್ಲಿ ಪುಡಿ ಮಾಡಿದ ಐಸನ್ನೂ ಸ್ವಲ್ಪ ನೀರನ್ನೂ ಹಾಕಿ, ಚೆನ್ನಾಗಿ ಕಲಕಿ, ಪ್ರೋಬನ್ನು ಐದು ನಿಮಿಷ ಅದ್ದಿಟ್ಟೆ. 0 ತೋರಿಸಬೇಕಾದದ್ದು 1.4 ತೋರಿಸಿತು. ಅಂಕಿಯನ್ನು ತಿದ್ದುವ ಸೌಲಭ್ಯ ಇದರಲ್ಲೇ ಇರುವುದರಿಂದ ಅಲ್ಲಿಗೇ ಸರಿಪಡಿಸಿಕೊಂಡೆ. ಆದರೆ ಪ್ರೋಬಿನ ಅಳತೆ ಸರಿಯಾದ ಮಾತ್ರಕ್ಕೆ ಪೆಟ್ಟಿಗೆಯ ಬಿಸಿ ಸರಿಯಾಗುವುದಿಲ್ಲ. ಪ್ರೋಬನ್ನು ಮ್ಯಾಟಿನ ಹತ್ತಿರದ ಗೋಡೆಗೆ ತಾಗಿಸಿಟ್ಟಾಗ ಪರದೆಯ ಮೇಲೆ 30 ಇತ್ತು, ಎದುರು ಬದಿಯಲ್ಲಿ ಬೇರೆ ಥರ್ಮಾಮೀಟರ್ ಇಟ್ಟು ನೋಡಿದರೆ ಬರೀ 23. ಪ್ರೋಬನ್ನು ಟ್ರೇಗಳ ನಡುವೆ, ಮ್ಯಾಟಿನಿಂದ ಒಂದು ಗೇಣು ದೂರದಲ್ಲಿ ಇಟ್ಟ ಮೇಲೆ ಬೆಚ್ಚಗಿನ ಬದಿ 32, ಎದುರು ಬದಿ 27 ಎಂಬ ಹದ ಸಿಕ್ಕಿತು. ಡುಬಿಯಾಗಳಿಗೆ 28ರಿಂದ 33ರವರೆಗಿನ ಬಿಸಿ ಹಿತ. 20ರ ಸುತ್ತಮುತ್ತ ಅವು ಸಾಯುವುದಿಲ್ಲ, ತಿನ್ನುವುದನ್ನೂ ಬೆಳೆಯುವುದನ್ನೂ ಕಡಿಮೆ ಮಾಡಿ ಸುಮ್ಮನೆ ಕಾಲ ಕಳೆಯುತ್ತವೆ, ಮರಿ ಹಾಕುವುದಂತೂ ಬಹುಮಟ್ಟಿಗೆ ನಿಂತೇ ಹೋಗುತ್ತದೆ.

ನನ್ನ ದೂರು ಇರುವುದು ಇನ್ನು ಮುಂದೆ. ಪ್ರೋಬನ್ನು ಒಳಗೆ ನಿಲ್ಲಿಸಲು ಕಂಪನಿ ಕೊಡುವುದು ಒಂದು ತುಂಡು ಅಂಟುಪಟ್ಟಿ ಮತ್ತು ಗೋಡೆಗೆ ಒತ್ತಿ ಕಚ್ಚಿಸುವ ಒಂದು ಸಣ್ಣ ರಬ್ಬರ್ ಬಟ್ಟಲು. ಜಿರಳೆ ಪೆಟ್ಟಿಗೆಯೊಳಗೆ ಸದಾ ಹಾರಾಡುವ ಹಿಕ್ಕೆಯ ನುಣುಪು ಧೂಳು ಈ ಎರಡನ್ನೂ ಎರಡು ವಾರಕ್ಕೇ ಕೆಲಸಕ್ಕೆ ಬಾರದಂತೆ ಮಾಡಿತು. ಮೂರನೆಯ ತಿಂಗಳಲ್ಲಿ ಒಂದು ರಾತ್ರಿ ಕ್ಯಾರೆಟ್ ತುಂಡುಗಳನ್ನು ಹಾಕಿ ಮುಚ್ಚಳ ಮುಚ್ಚುವಾಗ ವೈರು ಎಳೆದು ಪ್ರೋಬ್ ಹೊರಗೆ ಜಾರಿದ್ದನ್ನು ನಾನು ಗಮನಿಸಲಿಲ್ಲ. ಹೊರಗಿನ ತಣ್ಣನೆಯ ಕೋಣೆಯಲ್ಲಿ ತೂಗಾಡುತ್ತಿದ್ದ ಪ್ರೋಬ್ ಇನ್ನೂ ಚಳಿಯೆಂದೇ ತಿಳಿದು ಇಡೀ ರಾತ್ರಿ ಮ್ಯಾಟನ್ನು ಉರಿಸಿತು. ಬೆಳಿಗ್ಗೆ ಮುಚ್ಚಳ ತೆಗೆದರೆ ಹಬೆಯೊಂದಿಗೆ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ದೊಡ್ಡವು ಎದುರಿನ ಟ್ರೇಯ ತುದಿಯಲ್ಲಿ ಒಂದರ ಮೇಲೊಂದು ಹತ್ತಿ, ಮೀಸೆಗಳನ್ನು ಗಾಳಿಕಿಂಡಿಯ ಜಾಲರಿಗೆ ಚಾಚಿ ಕುಳಿತಿದ್ದವು. ಮ್ಯಾಟಿನ ಗೋಡೆಯ ಬುಡದಲ್ಲಿ, ಪುಡಿಯಲ್ಲಿ ಹುದುಗಿದ್ದ ಅಕ್ಕಿಕಾಳಿನಷ್ಟು ಮರಿಗಳಲ್ಲಿ ಬಹಳಷ್ಟು ಒಣಗಿ ಸತ್ತಿದ್ದವು. ತಪ್ಪು ನನ್ನದೂ ಹೌದು. ಆದರೂ ಜೀವಿಗಳ ಪೆಟ್ಟಿಗೆಗೆಂದೇ ಮಾರುವ ಉಪಕರಣದಲ್ಲಿ ಪ್ರೋಬನ್ನು ಗಟ್ಟಿಯಾಗಿ ಕಚ್ಚಿ ಹಿಡಿಯುವ ಒಂದು ಕ್ಲಿಪ್ ಇಲ್ಲದಿರುವುದಕ್ಕೆ, ಗಂಟೆಗಟ್ಟಲೆ ಉರಿದರೂ ಅಂಕಿ ಏರದಿದ್ದಾಗ ಕೂಗುವ ಒಂದು ಅಲಾರಂ ಇಲ್ಲದಿರುವುದಕ್ಕೆ ಯಾವ ಸಮಜಾಯಿಷಿಯೂ ಇಲ್ಲ.

ಅಂದಿನಿಂದ ಪೆಟ್ಟಿಗೆಯ ಪಕ್ಕಕ್ಕೆ ಒಂದು ಸಣ್ಣ ತೂತು ಕೊರೆದು, ವೈರನ್ನು ಅದರೊಳಗಿಂದ ಹಾಯಿಸಿ, ಒಳಗೂ ಹೊರಗೂ ಪ್ಲಾಸ್ಟಿಕ್ ಟೈ ಬಿಗಿದಿದ್ದೇನೆ. ಮುಚ್ಚಳಕ್ಕೂ ವೈರಿಗೂ ಈಗ ಸಂಬಂಧವಿಲ್ಲ. ಇದರ ಜೊತೆಗೆ ಎರಡನೆಯ ಥರ್ಮೋಸ್ಟಾಟ್ ಒಂದನ್ನು ಗೋಡೆಯ ಸಾಕೆಟ್ಟಿಗೂ ಮೊದಲನೆಯದಕ್ಕೂ ನಡುವೆ ಜೋಡಿಸಿ 35ಕ್ಕೆ ಇಟ್ಟಿದ್ದೇನೆ. ಮೊದಲನೆಯದರ ರಿಲೇ, ಅಂದರೆ ವಿದ್ಯುತ್ತನ್ನು ಕಡಿದು ಕೊಡುವ ಒಳಗಿನ ಸ್ವಿಚ್ಚು, ಎಂದಾದರೂ ಹಚ್ಚಿದ ಸ್ಥಿತಿಯಲ್ಲೇ ಅಂಟಿಕೊಂಡರೆ, ಬೇರೆ ಜಾಗದಲ್ಲಿರುವ ತನ್ನದೇ ಪ್ರೋಬಿನಿಂದ ಎರಡನೆಯದು ಕಡಿಯುತ್ತದೆ. ಒಣಗಿದ ಕಾಗದದ ಟ್ರೇಗಳು ತುಂಬಿದ ಪೆಟ್ಟಿಗೆ ಇದು ಎಂಬುದನ್ನು ನೆನೆದರೆ ಈ ಹೆಚ್ಚಿನ ಖರ್ಚು ನನಗೆ ದುಂದು ಅನಿಸುವುದಿಲ್ಲ.

ವಿದ್ಯುತ್ ಖರ್ಚು ಲೆಕ್ಕಕ್ಕೇ ಬಾರದಷ್ಟು ಕಡಿಮೆ: 15 ವ್ಯಾಟ್ ದಿನವಿಡೀ ಉರಿದರೂ 0.36 ಯೂನಿಟ್, ಪೆಟ್ಟಿಗೆಯ ಮೂರು ಹೊರಗೋಡೆಗಳಿಗೆ ಥರ್ಮಾಕೋಲ್ ಹಚ್ಚಿದ ಮೇಲೆ ನನ್ನ ಮ್ಯಾಟ್ ಉರಿಯುವುದು ಅದರ ಅರ್ಧ ಹೊತ್ತು. ಮ್ಯಾಟಿನ ಮೇಲೆ ಮಾತ್ರ ಥರ್ಮಾಕೋಲ್ ಒತ್ತಿ ಅಂಟಿಸಬಾರದು. ಗಾಳಿಕಿಂಡಿಗಳನ್ನು ಮುಚ್ಚಿ ಬಿಸಿ ಉಳಿಸಲು ಹೋಗುವುದೂ ಸಲ್ಲದು. ಬಿಸಿಯೂ ತೇವವೂ ಒಟ್ಟಾದರೆ ಬೂಷ್ಟು ಬರುತ್ತದೆ, ಕಾಳಿನ ನುಸಿ ಮುತ್ತುತ್ತದೆ. ಹಾಗೆಂದು ತೀರಾ ಒಣಗಿದರೆ ಪೊರೆ ಕಳಚುವಾಗ ಹುಳುಗಳು ಅರ್ಧಕ್ಕೇ ಸಿಕ್ಕಿಕೊಳ್ಳುತ್ತವೆ, ಆದ್ದರಿಂದ ಕ್ಯಾರೆಟ್ ಅಥವಾ ನೀರಿನ ಜೆಲ್ ಯಾವಾಗಲೂ ತಣ್ಣಗಿನ ಬದಿಯಲ್ಲಿ ಇರಬೇಕು.

ಕ್ರಿಕೆಟ್ ಹುಳುಗಳನ್ನು ಸಾಕುವವರಿಗೂ ಇದೇ ಮ್ಯಾಟ್ ಸಾಕಾಗುತ್ತದೆ; ಒದ್ದೆ ಮಣ್ಣಿನ ಡಬ್ಬಿಯಲ್ಲಿ ಇಟ್ಟ ಮೊಟ್ಟೆಗಳು 30 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಎರಡು ವಾರದೊಳಗೆ ಒಡೆಯುತ್ತವೆ. ಮೀಲ್‌ವರ್ಮ್ (ಹಿಟ್ಟಿನ ಹುಳು) ಸಾಕುವವರು ಕೊಳ್ಳಬೇಕಾಗಿಲ್ಲ. ಅವು ಕೋಣೆಯ ಸಾಧಾರಣ ಬಿಸಿಯಲ್ಲೇ ಬೆಳೆಯುತ್ತವೆ, ಒತ್ತೊತ್ತಾಗಿ ಇದ್ದರೆ ತಮ್ಮ ಬಿಸಿಯನ್ನು ತಾವೇ ಹುಟ್ಟಿಸಿಕೊಳ್ಳುತ್ತವೆ, ಮೇಲಿನಿಂದ ಮತ್ತಷ್ಟು ಕಾಯಿಸಿದರೆ ಅವಕ್ಕೆ ಕೇಡೇ.

ಮೂರನೆಯ ತಿಂಗಳ ಆ ನಷ್ಟವನ್ನು ಕಳೆದೂ ನನ್ನ ಪೆಟ್ಟಿಗೆಯಲ್ಲಿ ಈಗ ಹಲ್ಲಿಗೆ ಬೇಕಾದುದಕ್ಕಿಂತ ಹೆಚ್ಚು ಮರಿಗಳಿವೆ. ಟ್ರೇ ಎತ್ತಿ ತಟ್ಟಿದರೆ ಬೇರೆ ಬೇರೆ ವಯಸ್ಸಿನವು ಉದುರುತ್ತವೆ, ಅವುಗಳ ನಡುವೆ ಆಗಷ್ಟೇ ಪೊರೆ ಬಿಟ್ಟ ಒಂದೆರಡು ಹಾಲಿನಂತೆ ಬೆಳ್ಳಗೆ ಕಾಣುತ್ತವೆ. ಮ್ಯಾಟಿಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ, ಥರ್ಮೋಸ್ಟಾಟಿಗೆ ಎರಡೂವರೆ. ಮತ್ತೆ ಕೊಳ್ಳುವುದಾದರೆ ಜೋಡಿಯಾಗಿ ಕೊಳ್ಳದೆ ಮ್ಯಾಟನ್ನು ಮಾತ್ರ ತೆಗೆದುಕೊಂಡು, ಅಲಾರಂ ಇರುವ ಬೇರೆ ಥರ್ಮೋಸ್ಟಾಟನ್ನು ಅದಕ್ಕೆ ಜೋಡಿಸುತ್ತೇನೆ.